ಮನೆಯ ಹೊಲಿಗೆ ಕೋಣೆಗೆ ಕಟಿಂಗ್ ಟೇಬಲ್: ಎತ್ತರದಿಂದ ಶುರು ಮಾಡಿ

ಮನೆಯಲ್ಲೇ ಹೊಲಿಯುವವರು ಮೆಷಿನ್ ಆರಿಸಲು ಹತ್ತು ಅಂಗಡಿ ಸುತ್ತುತ್ತಾರೆ, ಬಟ್ಟೆ ಕತ್ತರಿಸಲು ಮಾತ್ರ ಊಟದ ಟೇಬಲ್ಲೋ ಮಂಚವೋ ಸಾಕೆಂದು ಬಿಡುತ್ತಾರೆ. ಊಟದ ಟೇಬಲ್ಲಿನ ಎತ್ತರ ಸುಮಾರು 30 ಇಂಚು. ಕೂತು ಉಣ್ಣುವುದಕ್ಕೆ ಸರಿ, ನಿಂತು ಕತ್ತರಿ ಆಡಿಸುವುದಕ್ಕೆ ತಗ್ಗು. ಎರಡು ಬ್ಲೌಸ್ ಕತ್ತರಿಸುವಷ್ಟರಲ್ಲಿ ಸೊಂಟ ಹಿಡಿದುಕೊಳ್ಳುತ್ತದೆ. ಆದ್ದರಿಂದ ಟೇಬಲ್ ಕೊಳ್ಳುವಾಗಲಾಗಲಿ ಮಾಡಿಸುವಾಗಲಾಗಲಿ ಮೊದಲು ಎತ್ತರ ತೀರ್ಮಾನವಾಗಬೇಕು. ಉದ್ದ ಅಗಲ ಆಮೇಲೆ, ಸನ್‌ಮೈಕಾದ ಬಣ್ಣ ಕೊಟ್ಟಕೊನೆಗೆ.

ಮನೆಯಲ್ಲಿ ಬರಿಗಾಲಲ್ಲಿ ಕೆಲಸ ಮಾಡುವವರು ಬರಿಗಾಲಲ್ಲೇ ನೆಟ್ಟಗೆ ನಿಂತು, ಮೊಣಕೈಯನ್ನು ಲಂಬ ಕೋನಕ್ಕೆ (90 ಡಿಗ್ರಿ) ಮಡಚಿ, ನೆಲದಿಂದ ಮೊಣಕೈವರೆಗೆ ಬೇರೆಯವರ ಕೈಯಲ್ಲಿ ಅಳೆಸಿ. ಬಂದ ಅಳತೆಯಿಂದ 4ರಿಂದ 5 ಇಂಚು ಕಳೆಯಿರಿ. 5 ಅಡಿ 2 ಇಂಚು ಎತ್ತರದವರಿಗೆ ಮೊಣಕೈ ಸಾಮಾನ್ಯವಾಗಿ 38–39 ಇಂಚಿನ ಆಸುಪಾಸಿಗೆ ಬರುತ್ತದೆ, ಅಂದರೆ ಟೇಬಲ್ 34 ಇಂಚು. ಈ ಲೆಕ್ಕವನ್ನು ನಂಬಿ ನೇರವಾಗಿ ಆರ್ಡರ್ ಕೊಡಬೇಡಿ. ಇರುವ ಟೇಬಲ್ಲಿನ ನಾಲ್ಕು ಕಾಲಿಗೂ ಒಂದೇ ದಪ್ಪದ ಮರದ ತುಂಡೋ ಇಟ್ಟಿಗೆಯೋ ಕೊಟ್ಟು ಎತ್ತರಿಸಿ, ಅಲುಗಾಡುವುದಿಲ್ಲವೆಂದು ಖಾತ್ರಿ ಮಾಡಿಕೊಂಡು, ಲೈನಿಂಗ್ ಸಮೇತ ಒಂದು ಬ್ಲೌಸ್ ಪೂರ್ತಿ ಕತ್ತರಿಸಿ ನೋಡಿ. ಬೆನ್ನು ಬಾಗುತ್ತಿದ್ದರೆ ಒಂದು ಇಂಚು ಏರಿಸಿ. ಹೆಗಲು ಕಿವಿಯತ್ತ ಏರುತ್ತಿದ್ದರೆ ಇಳಿಸಿ. ಕತ್ತರಿಯ ಕೆಳ ಅಲಗು ಟೇಬಲ್ಲಿಗೆ ತಾಗಿಕೊಂಡೇ ಸಾಗಬೇಕು, ಬಟ್ಟೆ ಅದರ ದಪ್ಪದಷ್ಟೇ ಏಳಬೇಕು. ಟೇಬಲ್ ವಿಪರೀತ ಎತ್ತರವಾದರೆ ಮಣಿಕಟ್ಟು ಮೇಲಕ್ಕೆ ಮಡಚಿಕೊಂಡು ಅಲಗು ಗಾಳಿಗೆ ಏಳುತ್ತದೆ, ಕೆಳಗಿನ ಪದರ ಮೇಲಿನದಕ್ಕಿಂತ ಕಾಲು ಇಂಚು ಆಚೀಚೆ ಕಟ್ ಆಗುತ್ತದೆ.

ಅತ್ತೆ ಸೊಸೆ ಇಬ್ಬರೂ ಕತ್ತರಿಸುವ ಮನೆಯಾದರೆ, ಹೆಚ್ಚು ಹೊತ್ತು ನಿಲ್ಲುವವರ ಅಳತೆಗೆ ಮಾಡಿಸಿ. ಇಬ್ಬರ ನಡುವಿನ ಸರಾಸರಿ ಯಾರಿಗೂ ಹಿಡಿಸುವುದಿಲ್ಲ.

ಇಲ್ಲೇ ಇನ್ನೊಂದು ಮಾತು. ಮೆಷಿನ್ನೂ ಕಟಿಂಗೂ ಒಂದೇ ಉದ್ದನೆಯ ಕೌಂಟರಿನಲ್ಲಿ ಬರಲಿ ಎಂದು ಕಾರ್ಪೆಂಟರ್ ಸಲಹೆ ಕೊಡುತ್ತಾರೆ, ನೋಡಲು ಚಂದ ಎಂಬ ಕಾರಣಕ್ಕೆ. ಒಪ್ಪಬೇಡಿ. ಮೆಷಿನ್ ಕೂತು ಮಾಡುವ ಕೆಲಸ, ಕಟಿಂಗ್ ನಿಂತು ಮಾಡುವುದು. ಎರಡನ್ನೂ ಒಂದೇ ಮಟ್ಟಕ್ಕೆ ತಂದರೆ ಎರಡೂ ಕೆಡುತ್ತವೆ.

ಅಳತೆ ಎಷ್ಟಿರಬೇಕು

ನೀವು ಹೆಚ್ಚಾಗಿ ಏನು ಹೊಲಿಯುತ್ತೀರಿ ಎಂಬುದರ ಮೇಲೆ ಇದು ನಿಂತಿದೆ. ಬ್ಲೌಸ್ ಪೀಸ್ 80 ಸೆಂ.ಮೀ.ನಿಂದ 1 ಮೀಟರ್ ಉದ್ದ ಬರುತ್ತದೆ. 44 ಇಂಚು ಪನ್ನದ (ಅಗಲದ) ಬಟ್ಟೆಯನ್ನು ಅಂಚಿಗೆ ಅಂಚು ಸೇರಿಸಿ ಮಡಚಿದರೆ 22 ಇಂಚು ಅಗಲ, ಹೆಚ್ಚೆಂದರೆ 39 ಇಂಚು ಉದ್ದ. ಬರೀ ಬ್ಲೌಸ್, ಫಾಲ್ಸ್, ಮಕ್ಕಳ ಫ್ರಾಕ್ ಹೊಲಿಯುವವರಿಗೆ 4 ಅಡಿ ಉದ್ದ, ಎರಡೂವರೆ ಅಡಿ ಅಗಲ ಧಾರಾಳ.

ಚೂಡಿದಾರಕ್ಕೆ ಇದು ಸಾಲದು. ಎರಡೂವರೆ ಮೀಟರ್ ಬಟ್ಟೆಯನ್ನು ನಾಲ್ಕು ಪದರ ಮಾಡಿದರೆ 22 ಇಂಚು ಅಗಲ, 49 ಇಂಚು ಉದ್ದ ಆಗುತ್ತದೆ. 4 ಅಡಿ ಎಂದರೆ 48 ಇಂಚು. ಒಂದೇ ಇಂಚು ಹೊರಗೆ ಬಂದರೇನಂತೆ ಅನ್ನಿಸಬಹುದು. ಆದರೆ ಪೀಸ್ ಜೋಡಿಸಲು ಬಟ್ಟೆಯನ್ನು ಸ್ವಲ್ಪ ಸರಿಸಿದರೂ ಅರ್ಧ ಅಡಿ ಅಂಚಿನಿಂದ ಜೋತುಬೀಳುತ್ತದೆ. ಜೋತುಬಿದ್ದ ಬಟ್ಟೆ ತನ್ನ ಭಾರಕ್ಕೆ ಉಳಿದದ್ದನ್ನೂ ಎಳೆಯುತ್ತದೆ, ಪದರಗಳು ಒಂದರಿಂದೊಂದು ಜಾರುತ್ತವೆ. ಕಾಟನ್ ಆದರೆ ಹೇಗೋ ನಿಭಾಯಿಸಬಹುದು. ಜಾರ್ಜೆಟ್, ಕ್ರೇಪ್, ಸ್ಯಾಟಿನ್‌ನಲ್ಲಿ ಮುಂಭಾಗ ಹಿಂಭಾಗ ಅಳತೆಯೇ ಬೇರೆಯಾಗಿ, ಸೈಡ್ ಹೊಲಿಗೆ ಒಂದು ಕಡೆಗೆ ತಿರುಚಿಕೊಳ್ಳುತ್ತದೆ. ಮೆಷಿನ್ ಎಳೆಯುತ್ತಿದೆ ಎಂದು ಮೆಕ್ಯಾನಿಕ್ ಕರೆಸುವ ಮೊದಲು ಟೇಬಲ್ಲಿನ ಉದ್ದ ನೋಡಿ. ಚೂಡಿದಾರ, ನೈಟಿ, ಶರ್ಟ್ ಎಲ್ಲಾ ಹೊಲಿಯುವವರಿಗೆ 6 ಅಡಿ ಉದ್ದ, 3 ಅಡಿ ಅಗಲ ಸರಿಯಾದ ಅಳತೆ.

ಅಂಬ್ರೆಲಾ ಲಂಗ ಮಾತ್ರ ಬೇರೆಯೇ ಕಥೆ. ಸೊಂಟ 28, ಉದ್ದ 38 ಇಂಚಿನ ಲಂಗಕ್ಕೆ ಕಂಪಾಸಿನಂತೆ ಎಳೆಯುವ ಗೆರೆಯ ಅಳತೆ 28ನ್ನು 6.28ರಿಂದ ಭಾಗಿಸಿ ಬಂದ ನಾಲ್ಕೂವರೆ, ಜೊತೆಗೆ 38, ಅಂದರೆ 42.5 ಇಂಚು. ನಾಲ್ಕು ಪದರ ಮಡಚಿದ ಬಟ್ಟೆಯ ಇಷ್ಟು ದೊಡ್ಡ ಚೌಕ 3 ಅಡಿ ಅಗಲದ ಟೇಬಲ್ಲಿನಲ್ಲಿ ಹಿಡಿಯುವುದಿಲ್ಲ. ವರ್ಷಕ್ಕೆ ನಾಲ್ಕು ಲಂಗಕ್ಕಾಗಿ 4 ಅಡಿ ಅಗಲದ ಟೇಬಲ್ ಮಾಡಿಸಿದರೆ ಉಳಿದ ದಿನವೆಲ್ಲ ನಡುವಿನ ಚಾಕ್ ಗೆರೆಗೆ ಕೈ ಎಟುಕದೆ ಹೊಟ್ಟೆಯನ್ನು ಟೇಬಲ್ಲಿಗೆ ಒತ್ತಿಕೊಂಡು ಬಾಗಬೇಕು. ಅದಕ್ಕೆ ಮಡಚುವ ರೆಕ್ಕೆಯೇ ಪರಿಹಾರ. 8×4 ಅಡಿಯ ಒಂದು ಪ್ಲೈವುಡ್ ಶೀಟಿನಲ್ಲಿ 6×3 ಅಡಿಯ ಹಲಗೆ ತೆಗೆದರೆ 6×1ರ ಒಂದು ಪಟ್ಟಿ, 2×4ರ ಒಂದು ತುಂಡು ಉಳಿಯುತ್ತವೆ (ಗರಗಸ ತಿನ್ನುವ ನೂಲಿನಷ್ಟನ್ನು ಬಿಟ್ಟು). 6×1ರ ಪಟ್ಟಿಯೇ ರೆಕ್ಕೆ. ಅದೇ ಶೀಟಿನದಾದ್ದರಿಂದ ದಪ್ಪ ಒಂದೇ ಇರುತ್ತದೆ, ಕೂಡಿದ ಕಡೆ ಮೆಟ್ಟಿಲು ಬೀಳುವುದಿಲ್ಲ. ಹಿಂಜ್‌ಗಳು ತಳಭಾಗದಲ್ಲಿರಲಿ, ಅದರ ಗಂಟು ಕೂರಲು ತೋಡು ಹೊಡೆಸಿ. ಆಧಾರಕ್ಕೆ ಮಡಚುವ ಬ್ರಾಕೆಟ್ ಮೂರು ಬೇಕು. ಎರಡೇ ಹಾಕಿದರೆ ನಡುಭಾಗ ಕಾಲಕ್ರಮೇಣ ಇಳಿಯುತ್ತದೆ. ಉಳಿದ 2×4ರ ತುಂಡು ಕೆಳಗಿನ ಶೆಲ್ಫ್‌ಗೆ ಆಯಿತು.

ಕೋಣೆಯಲ್ಲಿ ಟೇಬಲ್ಲಿನ ಮೂರು ಕಡೆಯಾದರೂ 2 ಅಡಿ ದಾರಿ ಉಳಿಯಬೇಕು. 10×10 ಅಡಿಯ ಕೋಣೆಗೆ 6×3 ಹಿಡಿಯುತ್ತದೆ: ಉದ್ದಕ್ಕೆ ಎರಡೂ ತುದಿಯಲ್ಲಿ 2 ಅಡಿ, ಅಗಲದಲ್ಲಿ ಒಂದು ಬದಿ 2 ಅಡಿ, ಇನ್ನೊಂದು ಬದಿಯ 5 ಅಡಿಯಲ್ಲಿ ಮೆಷಿನ್ನೂ ಸ್ಟೂಲೂ. ಉದ್ದನೆಯ ಬದಿಯನ್ನು ಗೋಡೆಗೆ ಒತ್ತಿಸಲೇಬೇಕಾದರೆ ಅಗಲ 28 ಇಂಚು ಮೀರಬಾರದು, ಆಚೆ ಅಂಚು ಕೈಗೆ ಸಿಗುವುದಿಲ್ಲ.

ಮೇಲ್ಹಲಗೆ

18 ಎಂ.ಎಂ. ಪ್ಲೈವುಡ್ ಸಾಕು. ಬಯಲುಸೀಮೆಯ ಒಣ ಮನೆಗೆ ಐಎಸ್ 303 ಗುರುತಿನ ಎಂಆರ್ (ತೇವ ತಡೆಯುವ) ಗ್ರೇಡ್ ನಡೆಯುತ್ತದೆ. ಮಂಗಳೂರು, ಉಡುಪಿ, ಮಲೆನಾಡಿನ ಕಡೆಯವರು, ಸ್ಟೀಮ್ ಐರನ್ ಪಕ್ಕದಲ್ಲೇ ಇಟ್ಟುಕೊಳ್ಳುವವರು ಐಎಸ್ 710ರ ಬಿಡಬ್ಲ್ಯೂಪಿ (ಕುದಿಯುವ ನೀರಿಗೂ ಜಗ್ಗದ) ಪ್ಲೈವುಡ್ ಹಾಕಿಸಿ. ಪಾರ್ಟಿಕಲ್ ಬೋರ್ಡಿನ ರೆಡಿಮೇಡ್ ಟೇಬಲ್ ಅಗ್ಗವೇನೋ ಹೌದು, ಅಂಚಿನಲ್ಲಿ ಒಮ್ಮೆ ನೀರು ಇಳಿದರೆ ಉಬ್ಬಿದ್ದು ಮತ್ತೆ ಇಳಿಯುವುದಿಲ್ಲ. ಮರದ ಕೆಲಸವೇ ಬೇಡವೆನ್ನುವವರಿಗೆ 78×36 ಇಂಚಿನ, 30 ಎಂ.ಎಂ. ದಪ್ಪದ ಫ್ಲಶ್ ಡೋರ್ (ಎರಡೂ ಮುಖ ಸಪಾಟಾದ ರೆಡಿಮೇಡ್ ಬಾಗಿಲು) ಒಳ್ಳೆಯ ಉಪಾಯ: ಸಮ ಎತ್ತರದ ಎರಡು ಗಟ್ಟಿ ಕಪಾಟುಗಳ ಮೇಲೆ ಮಲಗಿಸಿದರೆ ಮುಗಿಯಿತು. ಎತ್ತಲು ಇಬ್ಬರು ಬೇಕು.

ಮೇಲೆ ಮ್ಯಾಟ್ ಫಿನಿಶ್‌ನ ತಿಳಿಬಣ್ಣದ ಸನ್‌ಮೈಕಾ. ಹೊಳಪಿನದು ಹಾಕಿಸಿದರೆ ರೇಷ್ಮೆ, ಶಿಫಾನ್ ಜಾರುತ್ತದೆ, ಟ್ಯೂಬ್‌ಲೈಟ್ ಪ್ರತಿಫಲಿಸಿ ಕಣ್ಣಿಗೆ ಹೊಡೆಯುತ್ತದೆ. ಮರದ ಗೆರೆಗಳಿರುವ ಡಿಸೈನೂ ಬೇಡ. ಬಟ್ಟೆಯ ಎಳೆ ನೇರವಿದೆಯೇ ಎಂದು ನೋಡುವಾಗ ಆ ಗೆರೆಗಳೇ ದಾರಿ ತಪ್ಪಿಸುತ್ತವೆ. ತಳಕ್ಕೂ ತೆಳ್ಳನೆಯ ಲೈನರ್ ಶೀಟ್ ಅಂಟಿಸಲು ಹೇಳಿ. ಮೇಲೊಂದೇ ಕಡೆ ಅಂಟಿಸಿದ ಹಲಗೆ ಎರಡು ಮುಖದಿಂದ ಒಂದೇ ಸಮ ತೇವ ಹೀರುವುದಿಲ್ಲ, ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಬಾಗಬಹುದು. ಅಂಚಿಗೆ 2 ಎಂ.ಎಂ. ಎಡ್ಜ್ ಬ್ಯಾಂಡ್ (ಅಂಚು ಮುಚ್ಚುವ ಪಟ್ಟಿ). ಕೆಲಸ ಮುಗಿದ ಮೇಲೆ ಹಳೆಯ ಶಿಫಾನ್ ದುಪಟ್ಟದ ಚೂರನ್ನು ಅಂಚಿನುದ್ದಕ್ಕೂ ಸವರಿ ನೋಡಿ. ಎಲ್ಲಿ ಸಿಕ್ಕಿಕೊಳ್ಳುತ್ತದೋ ಅಲ್ಲಿ ಆಗಲೇ ಸ್ಯಾಂಡ್ ಪೇಪರ್ ಹಿಡಿಸಿ, ನಾಳೆ ಅಲ್ಲಿ ಸಿಕ್ಕಿಕೊಳ್ಳುವುದು ಗಿರಾಕಿಯ ಜರಿ ಸೀರೆ.

ರೋಟರಿ ಕಟರ್ (ಚಕ್ರದಂತೆ ಉರುಳುವ ಅಲಗು) ಬಳಸುವವರಿಗೆ ಮಾತ್ರ ಕಟಿಂಗ್ ಮ್ಯಾಟ್ ಬೇಕು. ಎ1 ಅಳತೆಯದು ಸುಮಾರು 24×36 ಇಂಚು. ಮ್ಯಾಟಿನ ಮೇಲೆ ಇಸ್ತ್ರಿ ಇಡಬಾರದು, ಬಿಸಿಲು ಬೀಳುವ ಕಿಟಕಿ ಪಕ್ಕವೂ ಬೇಡ; ಬಿಸಿಗೆ ಅಲೆಯಾದ ಮ್ಯಾಟ್ ಮತ್ತೆ ಸಪಾಟಾಗುವುದು ಕಷ್ಟ. ಕತ್ತರಿಯಲ್ಲೇ ಕೆಲಸ ಮಾಡುವವರು ಆ ದುಡ್ಡನ್ನು ಒಳ್ಳೆಯ 10 ಇಂಚಿನ ಕತ್ತರಿಗೆ ಹಾಕಲಿ.

ಕಾಲು ಮತ್ತು ಫ್ರೇಮ್

ವೆಲ್ಡಿಂಗ್ ಅಂಗಡಿಯಲ್ಲಿ ಒಂದೂವರೆ ಇಂಚಿನ ಚೌಕದ ಎಂ.ಎಸ್. (ಮೈಲ್ಡ್ ಸ್ಟೀಲ್) ಪೈಪ್, 16 ಗೇಜ್ ಎಂದು ಹೇಳಿ. ಮೇಲೆ ಸುತ್ತಲೂ ಒಂದು ಚೌಕಟ್ಟು, ನಡುವೆ 2 ಅಡಿಗೊಂದರಂತೆ ಎರಡು ಅಡ್ಡ ಪೈಪ್, ಕೆಳಗೆ ಕಾಲುಗಳನ್ನು ಕಟ್ಟುವ ಶೆಲ್ಫ್ ಪೈಪ್. ಶೆಲ್ಫ್ ನೆಲದಿಂದ 6 ಇಂಚಾದರೂ ಮೇಲಿರಲಿ, ಪಾದ ಒಳಗೆ ಹೋಗಬೇಕು. ರೆಕ್ಕೆ ಇಲ್ಲದ ಬದಿಗಳಲ್ಲಿ ಮೇಲ್ಹಲಗೆ ಫ್ರೇಮಿನಿಂದ 3 ಇಂಚು ಹೊರಗೆ ಚಾಚಿರಲಿ.

ಹೆಚ್ಚು ತಪ್ಪಾಗುವುದು ಎತ್ತರ ಹೇಳುವಾಗ. ನೀವು 34 ಇಂಚು ಅಂದರೆ ವೆಲ್ಡರ್ ಫ್ರೇಮನ್ನೇ 34ಕ್ಕೆ ಕತ್ತರಿಸುತ್ತಾರೆ. ಅದರ ಮೇಲೆ ಪ್ಲೈವುಡ್, ಎರಡೂ ಕಡೆಯ ಸನ್‌ಮೈಕಾ ಸೇರಿ ಸುಮಾರು 20 ಎಂ.ಎಂ., ಕೆಳಗೆ ಮಟ್ಟ ಮಾಡುವ ಬುಷ್ಷಿನ ಅರ್ಧ ಇಂಚು ಕೂಡಿ ಟೇಬಲ್ 35 ದಾಟಿರುತ್ತದೆ. ಚಕ್ರ ಹಾಕಿಸುವುದಾದರೆ ಮೊದಲು ಚಕ್ರ ತಂದು, ಪ್ಲೇಟಿನ ಸಮೇತ ಅಳೆದು, ಅಷ್ಟನ್ನು ಕಳೆದು ಹೇಳಿ. ನಾಲ್ಕೂ ಚಕ್ರಕ್ಕೆ ಬ್ರೇಕ್ ಇರಲಿ. ವಿಟ್ರಿಫೈಡ್ ಟೈಲ್ಸ್ ಮೇಲೆ ಎರಡು ಬ್ರೇಕಿನ ಟೇಬಲ್ ತುದಿ ಒರಗಿದರೆ ತಿರುಗುತ್ತದೆ.

ಇನ್ನು ಸ್ಕ್ರೂ. ಪೈಪ್ 38 ಎಂ.ಎಂ., ಪ್ಲೈವುಡ್ 18, ಒಟ್ಟು 56. ಪೈಪನ್ನು ಪೂರ್ತಿ ತೂರಿ ಹಾಕುವ ಸ್ಕ್ರೂ 50 ಎಂ.ಎಂ. ಆಗಿದ್ದರೆ ಮರದೊಳಗೆ 12 ಎಂ.ಎಂ. ಹಿಡಿದು ನಿಲ್ಲುತ್ತದೆ. ಕೈಗೆ ಸಿಕ್ಕಿತೆಂದು ಎರಡೂವರೆ ಇಂಚಿನದು ತಿರುಗಿಸಿದರೆ ತುದಿ ಮೇಲಿನ ಸನ್‌ಮೈಕಾವನ್ನು ಒಡೆದು ಬರುತ್ತದೆ. ಸಣ್ಣ ಗುಳ್ಳೆಯಂತೆ ಎದ್ದರೂ ಸಾಕು, ಸ್ಕೇಲ್ ಅಲ್ಲಿ ಕೂರುವುದಿಲ್ಲ, ಚಾಕ್ ಗೆರೆ ನೆಗೆಯುತ್ತದೆ.

ಟೇಬಲ್ ಮನೆಗೆ ಬಂದ ದಿನ ದುಡ್ಡು ಪೂರ್ತಿ ಕೊಡುವ ಮುನ್ನ ಎರಡು ಪರೀಕ್ಷೆ ಮಾಡಿ. ಮೂಲೆಯಿಂದ ಎದುರು ಮೂಲೆಗೆ ಎರಡು ಕಡೆಯೂ ಟೇಪ್ ಹಿಡಿಯಿರಿ. ಎರಡು ಅಳತೆ ಒಂದೇ ಬರಬೇಕು, ಇಲ್ಲವಾದರೆ ಹಲಗೆ ಓರೆಯಾಗಿದೆ, ಬಟ್ಟೆಯನ್ನು ಟೇಬಲ್ಲಿನ ಅಂಚಿಗೆ ಹೊಂದಿಸಿ ನೇರ ಮಾಡಲು ಆಗುವುದಿಲ್ಲ. ಆಮೇಲೆ ಅದೇ ಮೂಲೆಗಳಿಗೆ ಎರಡು ದಾರವನ್ನು ಬಿಗಿಯಾಗಿ ಅಡ್ಡಡ್ಡ ಎಳೆದು ಕಟ್ಟಿ. ನಡುವೆ ದಾರಗಳು ಒಂದನ್ನೊಂದು ತಾಗಿದರೆ ಸರಿ. ನಡುವೆ ಸಂದು ಕಂಡರೆ, ಅಥವಾ ಕೆಳಗಿನ ದಾರ ಮೇಲಿನದನ್ನು ಎತ್ತಿ ಹಿಡಿದರೆ, ಹಲಗೆ ತಿರುಚಿದೆ. ಬುಷ್ ತಿರುಗಿಸಿ ಒಂದೊಂದೇ ಕಾಲನ್ನು ಮಟ್ಟಕ್ಕೆ ತಂದು ಮತ್ತೆ ನೋಡಿ. ಬುಷ್ಷಿಗೂ ಸರಿಹೋಗದಿದ್ದರೆ ಫ್ರೇಮ್ ವಾಪಸ್ಸು ಕಳಿಸಿ.

ಲೈಟು ನಿಮ್ಮ ಬೆನ್ನ ಹಿಂದೆ ಇದ್ದರೆ ನೆರಳು ಗೆರೆಯ ಮೇಲೇ ಬೀಳುತ್ತದೆ, 4 ಅಡಿಯ ಎಲ್ಇಡಿ ಟ್ಯೂಬನ್ನು ಟೇಬಲ್ಲಿನ ನೆತ್ತಿಯ ಮೇಲೆ, ಉದ್ದಕ್ಕೆ ಹಾಕಿಸಿ. ಇಸ್ತ್ರಿಯನ್ನೂ ಇದೇ ಟೇಬಲ್ಲಿನಲ್ಲಿ ಮಾಡುವವರು ಬರೀ ಬೆಡ್‌ಶೀಟ್ ಹಾಸಿದರೆ ಬಿಸಿ ಕೆಳಗಿಳಿದು ಸನ್‌ಮೈಕಾದ ಅಂಟು ಬಿಡುತ್ತದೆ. ಬೇರೊಂದು ಪ್ಲೈವುಡ್ ತುಂಡಿಗೆ ಹಳೆಯ ಉಣ್ಣೆ ಕಂಬಳಿ ಎರಡು ಮಡಿಕೆ, ಮೇಲೆ ಬಿಳಿ ಕಾಟನ್ ಬಟ್ಟೆ ಬಿಗಿದು, ತಳದಲ್ಲಿ ಪಿನ್ ಹೊಡೆದು ಪ್ರತ್ಯೇಕ ಇಸ್ತ್ರಿ ಹಲಗೆ ಮಾಡಿಟ್ಟುಕೊಳ್ಳಿ. ಬೇಕಾದಾಗ ಮೇಜಿನ ಮೇಲಿಟ್ಟು, ಕೆಲಸವಾದ ಮೇಲೆ ಕೆಳಗಿನ ಶೆಲ್ಫಿಗೆ ತಳ್ಳಬಹುದು.