ಉಗುಳು ಬ್ಯಾಡ್ರಿ, ಕಫ ತರ್ರಿ

ನಮ್ಮ ಇಳಕಲ್ಲ–ಹುನಗುಂದ ಕಡೆ ಕಲ್ಲಿನ ಕ್ವಾರಿಯೊಳಗ ದುಡಿಯೋರು ಭಾಳ. ತಿಂಗಳಗಟ್ಟಲೆ ಕೆಮ್ಮಿದ್ರೂ 'ಧೂಳಿನ ಕೆಮ್ಮ' ಅಂತ ಸುಮ್ಮನ ಕುಂಡ್ರತಾರ. ಎರಡು ವಾರ ದಾಟಿತಂದ್ರ ಕಫ ತೋರಿಸ್ರಿ. ಸಕ್ಕರಿ ಕಾಯಿಲಿ ಇದ್ದವರಿಗೆ ಟಿಬಿ ಹತ್ತೋ ಸಂಭವ ಎರಡು-ಮೂರು ಪಟ್ಟು ಹೆಚ್ಚು. ಅದಕ್ಕ ಟಿಬಿ ಸಿಕ್ಕವರ ಸಕ್ಕರಿಯನ್ನೂ ನಾವು ಲ್ಯಾಬಿನವರು ನೋಡೇ ನೋಡತೀವಿ.

ಕಫದ ಡಬ್ಬಿ ಎರಡು. ಒಂದನ್ನ ಬಂದಾಗಲೇ ಇಲ್ಲೇ ಕೊಡ್ರಿ, ಇನ್ನೊಂದು ನಾಳೆ ನಸುಕಿನ್ಯಾಗ ಎದ್ದ ಕೂಡಲೇ. ಬರೇ ನೀರಿಲೆ ಬಾಯಿ ಮುಕ್ಕಳಿಸ್ರಿ, ಹಲ್ಲಾಗ ಸಿಕ್ಕ ತಂಬಾಕಿನ ಚೂರು ಗಾಜಿನ ಸ್ಲೈಡಿನ್ಯಾಗ ಕಾಣಬಾರದು. ಅಂಗಳಕ್ಕ ಬರ್ರಿ, ಮನಿ ಒಳಗ ಬ್ಯಾಡ. ಎರಡು-ಮೂರು ಸಲ ಉಸಿರು ಎಳದು, ಎದಿ ಆಳದಿಂದ ಕೆಮ್ಮಿ ತಗೀರಿ. ಹಳದಿ, ಗಟ್ಟಿ, ಅಂಟಂಟು ಇರಬೇಕು. ನೀರಿನಂಗ ನೊರಿ ಇದ್ರ ಅದು ಉಗುಳು, ಡಬ್ಬಿ ತುಂಬಿದ್ರೂ ಕೆಲಸಕ್ಕ ಬರೂದಿಲ್ಲ. 2 ಮಿಲಿ ಖರೇ ಕಫ ಸಾಕು.

ಆಮ್ಯಾಲೆ ನನ್ನ ಕೆಲಸ. ಕಸಬರಿಗಿ ಕಡ್ಡಿಲೆ ಗಟ್ಟಿ ಭಾಗ ಆರಿಸಿ ಸ್ಲೈಡಿನ ಮ್ಯಾಲೆ ಸವರಿ, ಒಣಗಿಸಿ, ಉರಿಗೆ ಹಿಡೀತೀನಿ. ಕಾರ್ಬಾಲ್ ಫುಕ್ಸಿನ್ ಅನ್ನೋ ಕೆಂಪು ಬಣ್ಣ ಹಾಕಿ ಕೆಳಗ ಕಾಸತೀನಿ: ಹಬೆ ಏಳಬೇಕು, ಕುದೀಬಾರದು. ಹೊಸದಾಗಿ ಕಲಿಯೂವಾಗ ನಾನು ಕುದಿಸಿಬಿಟ್ಟಿದ್ದೆ, ಬಣ್ಣ ಒಣಗಿ ಹರಳು ಕಟ್ಟಿ ಇಡೀ ಸ್ಲೈಡ್ ಹಾಳಾಗಿತ್ತು. ಐದು ನಿಮಿಷಕ್ಕ ತೊಳದು ಶೇಕಡಾ 25ರ ಸಲ್ಫ್ಯೂರಿಕ್ ಆಮ್ಲ, ಕಡೀಕ ಮೆಥಿಲೀನ್ ಬ್ಲೂ ಅನ್ನೋ ನೀಲಿ ಬಣ್ಣ. ಟಿಬಿ ಕ್ರಿಮಿ ಮೈಮ್ಯಾಗ ಮೇಣದಂಥ ಪದರ ಇರತದ, ಆಮ್ಲಕ್ಕೂ ಕೆಂಪು ಬಿಡೂದಿಲ್ಲ, ಉಳಿದದ್ದೆಲ್ಲ ನೀಲಿ. (ಕಲಿಯೋ ಹುಡುಗರಿಗೆ: ಈ ಆಮ್ಲ ತಯಾರಿಸೂವಾಗ ಆಮ್ಲವನ್ನ ನೀರಿಗೆ ಸಾವಕಾಶ ಹಾಕ್ರಿ. ನೀರನ್ನ ಆಮ್ಲಕ್ಕ ಸುರಿದ್ರ ಮಾರಿಗೆ ಸಿಡೀತದ.) ಸೂಕ್ಷ್ಮದರ್ಶಕದಾಗ ಕಾಣದಿದ್ರೂ ಕ್ರಿಮಿಯ ಜೀನ್ ಹುಡುಕೂ ಮಶೀನಾದ ಸಿಬಿನ್ಯಾಟ್‌ನ್ಯಾಗ ಸಿಗಬಹುದು, ರಿಫಾಂಪಿಸಿನ್ ಅನ್ನೋ ಟಿಬಿ ಔಷಧ ನಡೀತದೋ ಇಲ್ಲೋ ಅನ್ನೂದೂ ಅದೇ ಹೇಳತದ, ಸುಮಾರು ಎರಡು ತಾಸಿನ್ಯಾಗ.

ಇನ್ನ ಸಕ್ಕರಿ. ಹೋದ ತಿಂಗಳು ಒಬ್ಬ ಕಾಕಾ ಬಂದ್ರು.

"ಕಾಕಾ, ಏನೂ ತಿಂದಿಲ್ಲಲ್ಲ?"

"ಏನೂ ಇಲ್ಲವ್ವಾ. ಬರೇ ಅರ್ಧ ಕಪ್ ಚಾ. ಸಕ್ಕರಿ ಹಾಕಿಲ್ಲ, ಬೆಲ್ಲದ್ದು."

ತಿರುಗಿ ಕಳಿಸಿದೆ. ಖಾಲಿ ಹೊಟ್ಟಿ ಅಂದ್ರ ಎಂಟು ತಾಸು ಬರೇ ನೀರು. ಆ ರಕ್ತಕ್ಕ ಬೂದು ಮುಚ್ಚಳದ ಟ್ಯೂಬೇ ಬೇಕು, ಅದರಾಗ ಫ್ಲೋರೈಡ್ ಇರತದ. ಇಲ್ಲಂದ್ರ ರಕ್ತಕಣಗಳು ಟ್ಯೂಬಿನ್ಯಾಗೂ ಸಕ್ಕರಿ ತಿಂತಾವ, ತಾಸಿಗೆ ಶೇಕಡಾ 5ರಿಂದ 7ರಷ್ಟು. ಖಾಲಿ ಹೊಟ್ಟಿಲೆ 126 ಇದ್ರ ಸಕ್ಕರಿ ಕಾಯಿಲಿ ಅಂತ ಲೆಕ್ಕ; ಆ ರಕ್ತ ಸ್ವಲ್ಪ ಹೊತ್ತಿಗೆ 115 ಆಗಿ 'ಕಾಯಿಲಿ ಇಲ್ಲ' ಅನಸತದ. ಮೂರು ತಿಂಗಳ ಸರಾಸರಿ ಹೇಳೂ ಎಚ್‌ಬಿಎ1ಸಿಗೆ ನೇರಳೆ ಮುಚ್ಚಳ, ಅದಕ್ಕ ಚಾ ಕುಡದು ಬಂದ್ರೂ ನಡೀತದ.

ಟಿಬಿ, ಸಕ್ಕರಿ ಎರಡೂ ಇದ್ರ ಎರಡೂ ಔಷಧ ನಡೀಬೇಕು. ರಿಫಾಂಪಿಸಿನ್ ಗ್ಲಿಮೆಪಿರೈಡ್‌ನಂಥ ಸಕ್ಕರಿ ಗುಳಿಗಿಯ ಜೋರು ಇಳಸತದ, ಅದಕ್ಕ ಟಿಬಿ ಗುಳಿಗಿ ಶುರುವಾದ ಮ್ಯಾಲೆ ಸಕ್ಕರಿ ಏರಬಹುದು. ಡಾಕ್ಟರಿಗೆ ಎರಡೂ ಚೀಟಿ ಒಟ್ಟಿಗೆ ತೋರಿಸ್ರಿ, ನೀವೇ ಗುಳಿಗಿ ಹೆಚ್ಚು-ಕಡಿಮಿ ಮಾಡಬ್ಯಾಡ್ರಿ. ಮೂತ್ರ ಕಿತ್ತಳೆ ಬಣ್ಣ ಆದ್ರ ಅಂಜಬ್ಯಾಡ್ರಿ, ಅದು ಗುಳಿಗಿ ಬಣ್ಣ. ಆದ್ರ ಕಾಲು ಜುಮುಜುಮು ಅಂದ್ರ ಹೇಳ್ರಿ.

ಟಿಬಿ ಔಷಧ ಶುರುವಾಗಿ ಎರಡು ತಿಂಗಳಿಗೆ ಮತ್ತ ಡಬ್ಬಿ ಕೊಡತೀನಿ. ಆವಾಗ ಕಫ ಬರದಿದ್ರ ಬರೂದಿಲ್ಲ ಅಂತ ಹೇಳ್ರಿ, ಉಗುಳು ತುಂಬಿಸಿ ತರಬ್ಯಾಡ್ರಿ.