ಕನ್ನಡ ಪುಸ್ತಕವನ್ನು ಕಿವಿಗೂ ಬೆರಳಿಗೂ ಸಿದ್ಧಪಡಿಸಿಕೊಳ್ಳುವ ಬಗೆ: ನನ್ನ ಅನುಭವ

ನಾನು ಹುಟ್ಟಿನಿಂದಲೇ ದೃಷ್ಟಿಯಿಲ್ಲದವನು. ಪದವಿ ಕಾಲೇಜೊಂದರಲ್ಲಿ ಕನ್ನಡ ಬೋಧಿಸುತ್ತೇನೆ. ಶಾಲೆಯ ಪಠ್ಯಪುಸ್ತಕಗಳನ್ನು ಮೈಸೂರಿನ ಸರ್ಕಾರಿ ಬ್ರೈಲ್ ಮುದ್ರಣಾಲಯ ಒದಗಿಸುತ್ತದೆಯಾದರೂ, ಹಳಗನ್ನಡ ಕಾವ್ಯಗಳ ಸಂಪಾದನೆಗಳು, ವಿಮರ್ಶೆಯ ಸಂಕಲನಗಳು, ಛಂದಸ್ಸಿನ ಗ್ರಂಥಗಳು ಮುಂತಾಗಿ ನನ್ನ ವೃತ್ತಿಗೆ ಅಗತ್ಯವಾದವುಗಳಲ್ಲಿ ಹೆಚ್ಚಿನವನ್ನು ನಾನೇ ಸಿದ್ಧಪಡಿಸಿಕೊಳ್ಳಬೇಕಾಗುತ್ತದೆ. ನನ್ನಂತಹ ವಿದ್ಯಾರ್ಥಿಗಳೂ ಅವರ ಹೆತ್ತವರೂ ಮೊದಲು ಕೇಳುವುದು, ಯಾವ ಫೋನ್ ಕೊಳ್ಳಬೇಕು, ಯಾವ ತಂತ್ರಾಂಶ ಹಾಕಿಸಬೇಕು ಎಂದು. ಆ ಪ್ರಶ್ನೆಗೆ ಉತ್ತರ ಚಿಕ್ಕದು. ಕನ್ನಡದ ಮಟ್ಟಿಗೆ ತೊಡಕಿರುವುದು ಓದುವ ಸಾಧನದಲ್ಲಿ ಅಲ್ಲ, ಅದರ ಕೈಗೆ ನಾವು ಕೊಡುವ ಪಠ್ಯದಲ್ಲಿ. ಆದ್ದರಿಂದ ಸಾಧನಗಳ ವಿಷಯವನ್ನು ಬೇಗ ಮುಗಿಸಿ ಪಠ್ಯದ ಕೆಲಸಕ್ಕೆ ಬರುತ್ತೇನೆ.

ಕಂಪ್ಯೂಟರಿನಲ್ಲಿ ನಾನು ಬಳಸುವುದು ಎನ್‌ವಿಡಿಎ ಎಂಬ ಸ್ಕ್ರೀನ್ ರೀಡರ್, ಅಂದರೆ ಪರದೆಯ ಮೇಲಿನ ಬರಹವನ್ನು ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶ. ಆಸ್ಟ್ರೇಲಿಯದ ಮೈಕಲ್ ಕರ್ರನ್ ಮತ್ತು ಜೇಮ್ಸ್ ಟೇ ಎಂಬ ಇಬ್ಬರು ಅಂಧ ತಂತ್ರಜ್ಞರು 2006ರಲ್ಲಿ ಆರಂಭಿಸಿದ ಈ ತಂತ್ರಾಂಶ ಇಂದಿಗೂ ಉಚಿತವಾಗಿಯೇ ದೊರೆಯುತ್ತದೆ. ಅದರೊಡನೆಯೇ ಬರುವ ಇ-ಸ್ಪೀಕ್ ಎಂಬ ಧ್ವನಿಯಲ್ಲಿ ಕನ್ನಡವೂ ಇದೆ. ಅದರ ಉಚ್ಚಾರಣೆ ಒರಟು. ಹೊಸಬರಿಗೆ ಅದು ಕನ್ನಡವೆಂದು ತಿಳಿಯುವುದಕ್ಕೇ ಸ್ವಲ್ಪ ಹೊತ್ತು ಹಿಡಿಯುತ್ತದೆ. ಆದರೆ ವೇಗವನ್ನು ಎಷ್ಟೇ ಹೆಚ್ಚಿಸಿದರೂ ಅಕ್ಷರಗಳು ಒಂದರೊಳಗೊಂದು ಕಲಸಿಹೋಗುವುದಿಲ್ಲವಾದ್ದರಿಂದ ಕರಡು ತಿದ್ದುವ ಕೆಲಸಕ್ಕೆ ನಾನು ಅದನ್ನೇ ಇಟ್ಟುಕೊಂಡಿದ್ದೇನೆ. ಫೋನಿನಲ್ಲಿ ಅಂಥದ್ದೇ ಕೆಲಸ ಮಾಡುವ ಟಾಕ್‌ಬ್ಯಾಕ್ ಮತ್ತು ಗೂಗಲ್‌ನ ಕನ್ನಡ ಧ್ವನಿ ಇವೆ. ಪ್ರಯಾಣದಲ್ಲಿ ಕಾದಂಬರಿ ಕೇಳುವುದಕ್ಕೆ ಅದು ಹಿತವಾಗಿರುತ್ತದೆ.

ನನಗೆ ಬರುವ ಪಠ್ಯಗಳಲ್ಲಿ ಮೊದಲನೆಯ ಬಗೆ, ಲೇಖಕರು ಅಥವಾ ಡಿಟಿಪಿ ಮಾಡಿದವರು ಪ್ರೀತಿಯಿಂದ ಕಳಿಸುವ ಹಳೆಯ ‘ನುಡಿ’ ಇಲ್ಲವೇ ‘ಬರಹ’ ಎಂಬ ಕನ್ನಡ ಬೆರಳಚ್ಚು ತಂತ್ರಾಂಶದ ಕಡತಗಳು. ಕಣ್ಣಿಗೆ ಅವು ಶುದ್ಧ ಕನ್ನಡ. ಆದರೆ ಪ್ರತಿ ಲಿಪಿಯ ಪ್ರತಿ ಅಕ್ಷರಕ್ಕೂ ತನ್ನದೇ ಸಂಖ್ಯೆ ಕೊಡುವ ಯೂನಿಕೋಡ್ ಬಳಕೆಗೆ ಬರುವ ಮುಂಚಿನ ಆ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಮತ್ತು ಚಿಹ್ನೆಗಳ ಸಂಕೇತಗಳಿಗೆ ಕನ್ನಡದ ಚಿತ್ರಗಳನ್ನು ತೊಡಿಸಿದವು. ಸ್ಕ್ರೀನ್ ರೀಡರ್ ಚಿತ್ರವನ್ನು ನೋಡುವುದಿಲ್ಲ, ಅಡಿಯಲ್ಲಿರುವ ಸಂಕೇತವನ್ನು ಓದುತ್ತದೆ. ಹೀಗಾಗಿ ‘ಕನ್ನಡ’ ಎಂಬ ಪದವೇ ನನ್ನ ಕಿವಿಗೆ ‘ಪಿ’ ಅಕ್ಷರ, ತಲೆಯ ಮೇಲೆ ಗೆರೆಯಿರುವ ‘ಎ’ ಅಕ್ಷರ, ಪೌಂಡ್ ಹಣದ ಚಿಹ್ನೆ ಎಂದು ಮುಂದುವರಿಯುವ ಒಂದು ಪಟ್ಟಿಯಾಗಿ ಕೇಳಿಸುತ್ತದೆ. ಇವನ್ನು ಯೂನಿಕೋಡ್‌ಗೆ ಬದಲಿಸುವ ಪರಿವರ್ತಕಗಳು ಹಲವಿವೆ. ಯಾವುದನ್ನು ಬಳಸಿದರೂ ಎರಡು ಸಂಗತಿಗಳನ್ನು ಗಮನಿಸಲೇಬೇಕು. ಒಂದು, ಕಡತದ ನಡುವೆ ನಿಜವಾದ ಇಂಗ್ಲಿಷ್ ಪದಗಳಿದ್ದರೆ, ಸಂಕೇತಗಳು ಒಂದೇ ಆಗಿರುವುದರಿಂದ ಅವೂ ಅರ್ಥವಿಲ್ಲದ ಕನ್ನಡವಾಗಿ ಮಾರ್ಪಡುತ್ತವೆ. ಆದ್ದರಿಂದ ನಾನು ವರ್ಡ್‌ನಲ್ಲಿ ಫಾಂಟಿನ ಹೆಸರನ್ನು ಹಿಡಿದು ಹುಡುಕಿ, ಕನ್ನಡ ಫಾಂಟಿನಲ್ಲಿರುವ ಭಾಗಗಳನ್ನು ಮಾತ್ರ ಪರಿವರ್ತಿಸುತ್ತೇನೆ. ಇನ್ನೊಂದು, ಅರ್ಕಾವತ್ತು. ಹಳೆಯ ಫಾಂಟುಗಳಲ್ಲಿ ಅರ್ಕಾವತ್ತು ವ್ಯಂಜನದ ಬಲಕ್ಕೆ, ಅಂದರೆ ಅನಂತರ, ಬೆರಳಚ್ಚಾಗಿರುತ್ತದೆ. ಯೂನಿಕೋಡ್‌ನಲ್ಲಿ ರಕಾರವು ಉಚ್ಚಾರಣೆಯ ಕ್ರಮದಲ್ಲಿ ಮೊದಲೇ ಬರಬೇಕು. ಸ್ಥಾನ ಬದಲಿಸುವುದನ್ನು ಅರಿಯದ ಪರಿವರ್ತಕ ‘ಕನಾರ್ಟಕ’, ‘ವಷರ್’, ‘ಕಾಯರ್ಕ್ರಮ’ ಎಂಬ ಪದಗಳನ್ನು ಹುಟ್ಟಿಸುತ್ತದೆ. ಪರಿವರ್ತಿತ ಕಡತ ಕೈಗೆ ಬಂದೊಡನೆ ನಾನು ಹುಡುಕುವುದು ಇವೇ ಮೂರು ಪದಗಳನ್ನು. ಒಂದಾದರೂ ಸಿಕ್ಕರೆ ಆ ಕಡತವನ್ನು ತಿದ್ದಲು ಹೋಗದೆ ಬೇರೊಂದು ಪರಿವರ್ತಕಕ್ಕೆ ಕೊಡುತ್ತೇನೆ.

ಎರಡನೆಯ ಬಗೆ ಪಿಡಿಎಫ್. ಅಕ್ಷರಗಳು ಯೂನಿಕೋಡ್‌ನಲ್ಲಿಯೇ ಟೈಪಾಗಿದ್ದರೂ, ಪಿಡಿಎಫ್ ಆಗುವಾಗ ಪುಟದ ಮೇಲೆ ಆಕೃತಿಗಳು ಕೂತ ಕ್ರಮವೇ ಉಳಿದುಕೊಂಡು ಒತ್ತಕ್ಷರಗಳು ಅಸ್ತವ್ಯಸ್ತವಾಗುವುದು ಸಾಮಾನ್ಯ. ಅಂಥದ್ದರಿಂದ ಪಠ್ಯವನ್ನು ನಕಲಿಸಿ ತಿದ್ದುವುದಕ್ಕಿಂತ, ಪುಟಗಳನ್ನು ಚಿತ್ರಗಳೆಂದೇ ಭಾವಿಸಿ, ಚಿತ್ರದಲ್ಲಿರುವ ಅಕ್ಷರಗಳನ್ನು ಗುರುತಿಸಿ ಪಠ್ಯವಾಗಿಸುವ ಓಸಿಆರ್‌ಗೆ ಒಪ್ಪಿಸುವುದು ಎಷ್ಟೋ ಲೇಸು. ಕೇಳಿದವರಿಗೆ ಇದು ವಿಚಿತ್ರವೆನಿಸುತ್ತದೆ. ಅಕ್ಷರಗಳು ಇರುವಾಗಲೇ ಅವನ್ನು ಚಿತ್ರವಾಗಿಸಿ ಮತ್ತೆ ಅಕ್ಷರವಾಗಿಸುವುದು ವಿಚಿತ್ರವೇ ಹೌದು.

ಮೂರನೆಯದು, ಅಚ್ಚಾದ ಪುಸ್ತಕ. ಇದರಲ್ಲಿ ಕೆಲಸ ಹೆಚ್ಚು. ಸ್ಕ್ಯಾನ್ ಮಾಡುವ ಕೆಲಸವನ್ನು ನಾನೊಬ್ಬನೇ ಮಾಡಬಲ್ಲೆ: ಪುಸ್ತಕದ ಬೆನ್ನನ್ನು ಸ್ಕ್ಯಾನರಿನ ಅಂಚಿಗೆ ಒತ್ತಿಟ್ಟು, ಅಂಗುಲಕ್ಕೆ 300 ಚುಕ್ಕಿಗಳ ಸಾಂದ್ರತೆಯಲ್ಲಿ, ಕಪ್ಪು-ಬಿಳುಪಿನ ಬದಲು ಬೂದುಛಾಯೆಯಲ್ಲಿ ತೆಗೆಯುತ್ತೇನೆ. ಹಳೆಯ ಮೊಳೆ ಅಚ್ಚಿನ ಪುಸ್ತಕಗಳಲ್ಲಿ ಮಸಿ ಹರಡಿರುವುದರಿಂದ, ಬರಿಯ ಕಪ್ಪು-ಬಿಳುಪಿನಲ್ಲಿ ತೆಗೆದರೆ ‘ದ’ಕಾರ ‘ಧ’ಕಾರಗಳನ್ನು ಬೇರ್ಪಡಿಸುವ ಸಣ್ಣ ಸೀಳು ಮುಚ್ಚಿಹೋಗುತ್ತದೆ. ಓಸಿಆರ್‌ಗೆ 2018ರಲ್ಲಿ ಬಂದ ಟೆಸರಾಕ್ಟ್ 4 ಮತ್ತು ಅದರ ಮುಂದಿನ ಆವೃತ್ತಿಗಳು ಉಚಿತ. ಗೂಗಲ್ ಡ್ರೈವ್‌ನಲ್ಲಿ ಚಿತ್ರವನ್ನು ಡಾಕ್ಸ್ ಆಗಿ ತೆರೆದರೂ ಕನ್ನಡ ಪಠ್ಯ ಬರುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕನ್ನಡ ಲಿಪಿಗೆಂದೇ ‘ಲಿಪಿ ಜ್ಞಾನಿ’ ಎಂಬ ಓಸಿಆರ್ ರೂಪುಗೊಂಡಿದೆ. ಯಾವುದೇ ಆದರೂ ದೋಷಗಳು ಉಳಿಯುತ್ತವೆ, ಮತ್ತು ಅವು ಉಳಿಯುವ ಜಾಗಗಳು ಬಹುಮಟ್ಟಿಗೆ ಗೊತ್ತಿರುವಂಥವೇ: ಬ-ಭ, ದ-ಧ-ಥ, ಪ-ಫ-ಷ, ಹಾಗೂ ಎರಡು ಒತ್ತುಗಳು ಒಂದರ ಕೆಳಗೊಂದು ಬಂದಲ್ಲಿ ಕೆಳಗಿನದು ಕಾಣೆಯಾಗುವುದು.

ಈ ಕರಡು ತಿದ್ದುವ ಹಂತದಲ್ಲಿ ಕಿವಿಗೆ ಕಣ್ಣಿಗಿಲ್ಲದ ಒಂದು ಅನುಕೂಲವಿದೆ. ಕನ್ನಡದ ಅನುಸ್ವಾರವೂ ಕನ್ನಡದ ಸೊನ್ನೆ ಅಂಕಿಯೂ ನೋಡಲು ಒಂದೇ ಆದ್ದರಿಂದ ಓಸಿಆರ್ ಒಂದರ ಜಾಗದಲ್ಲಿ ಇನ್ನೊಂದನ್ನು ಇಟ್ಟಿರುತ್ತದೆ. ಕಣ್ಣಿನಿಂದ ತಿದ್ದುವವರು ಅದನ್ನು ದಾಟಿಹೋಗುವುದು ಸಹಜ. ನನಗೆ ‘ಕಂಬ’ ಎಂಬುದು ನಡುವೆ ಸೊನ್ನೆಯೊಂದಿಗೆ ತುಂಡಾಗಿ ಕೇಳಿಸುವುದರಿಂದ ತಪ್ಪು ಅಲ್ಲೇ ಸಿಕ್ಕಿಬೀಳುತ್ತದೆ. ಇದಕ್ಕೆ ವಿರುದ್ಧವಾದ ಪ್ರಸಂಗವೂ ಇದೆ. ‘ಬಸ್‌ನಲ್ಲಿ’ ಎಂದು ಬರೆಯುವಾಗ ಸಕಾರದ ಅನಂತರ ಕಾಣದ ಒಂದು ಬೇರ್ಪಡಿಕೆಯ ಸಂಕೇತ ಇರದಿದ್ದರೆ ನಕಾರ ಒತ್ತಾಗಿ ಕೆಳಗಿಳಿಯುತ್ತದೆ. ಓದುಗರ ಕಣ್ಣಿಗೆ ಅದು ಕುಕ್ಕುತ್ತದೆ, ನನ್ನ ಕಿವಿಗೆ ಎರಡೂ ಒಂದೇ. ಶಕಾರ ಷಕಾರಗಳ ವಿಷಯವೂ ಹಾಗೆಯೇ. ಯಂತ್ರದ ಧ್ವನಿಯಲ್ಲಿ, ನಿಜ ಹೇಳಬೇಕೆಂದರೆ ಬಹುಪಾಲು ಮನುಷ್ಯರ ಧ್ವನಿಯಲ್ಲಿಯೂ, ಅವುಗಳ ಅಂತರ ಕೇಳಿಸದು. ಇಂತಹ ಕಡೆ ಎನ್‌ವಿಡಿಎಯ ಒಂದು ಸೌಲಭ್ಯವನ್ನು ಬಳಸುತ್ತೇನೆ: ಅಂಕಿಗಳ ಕೀಲಿಮಣೆಯ ಎರಡನ್ನು ಬೇಗಬೇಗನೆ ಮೂರು ಸಲ ಒತ್ತಿದರೆ, ಕರ್ಸರಿನಡಿಯ ಅಕ್ಷರದ ಯೂನಿಕೋಡ್ ಸಂಖ್ಯೆಯನ್ನು ಅದು ಹೇಳುತ್ತದೆ. 3254 ಎಂದರೆ ಶ, 3255 ಎಂದರೆ ಷ. 3202 ಅನುಸ್ವಾರ, 3302 ಸೊನ್ನೆ. 8204 ಎಂದರೆ ಆ ಕಾಣದ ಬೇರ್ಪಡಿಕೆಯ ಸಂಕೇತ. ಇಷ್ಟು ಸಂಖ್ಯೆಗಳು ನೆನಪಿನಲ್ಲಿದ್ದರೆ ಪಕ್ಕದವರನ್ನು ಕೇಳಬೇಕಾದ ಪ್ರಸಂಗಗಳು ಬಹಳ ಕಡಿಮೆಯಾಗುತ್ತವೆ.

ಪಠ್ಯ ಶುದ್ಧವಾದ ಮೇಲೆ ಅದಕ್ಕೆ ಶೀರ್ಷಿಕೆಗಳ ಗುರುತು ಹಾಕಿ ಇ-ಪಬ್ ಅಥವಾ ಎಚ್‌ಟಿಎಂಎಲ್ ರೂಪದಲ್ಲಿ ಉಳಿಸುತ್ತೇನೆ. ಗುರುತುಗಳಿದ್ದರೆ ಒಂದು ಕೀಲಿ ಒತ್ತಿ ಅಧ್ಯಾಯದಿಂದ ಅಧ್ಯಾಯಕ್ಕೆ ಹೋಗಬಹುದು. ಮೂಲದ ಪುಟಸಂಖ್ಯೆಗಳನ್ನು ಅಳಿಸದೆ ಪ್ರತಿ ಪುಟದ ಆರಂಭದಲ್ಲಿ ಪ್ರತ್ಯೇಕ ಸಾಲಿನಲ್ಲಿ ಇಡುತ್ತೇನೆ, ಏಕೆಂದರೆ ತರಗತಿಯಲ್ಲಿ ವಿದ್ಯಾರ್ಥಿಗಳು ತೆರೆಯುವುದೂ, ಸಂಶೋಧನ ಲೇಖನದಲ್ಲಿ ಉಲ್ಲೇಖಿಸಬೇಕಾದುದೂ ಆ ಸಂಖ್ಯೆಗಳಿಂದಲೇ. ಅಡಿಟಿಪ್ಪಣಿಗಳನ್ನು ಪುಟದ ಕೊನೆಯಿಂದ ತೆಗೆದು ಅಧ್ಯಾಯದ ಕೊನೆಗೆ ಸಾಗಿಸುತ್ತೇನೆ. ಇಲ್ಲವಾದರೆ ವಾಕ್ಯವೊಂದು ಪುಟ ದಾಟುವ ನಡುವೆ ಪಾಠಾಂತರಗಳ ಪಟ್ಟಿಯೊಂದು ಬಂದು ಕೂರುತ್ತದೆ.

ಗದ್ಯಕ್ಕೆ ಇಷ್ಟು ಸಾಕು. ಕಾವ್ಯಕ್ಕೆ ಬ್ರೈಲ್ ಬೇಕೇ ಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ಧ್ವನಿಯಿರುವಾಗ ಬ್ರೈಲ್ ಏಕೆ ಎನ್ನುವವರು ಯಂತ್ರದ ಬಾಯಲ್ಲಿ ಷಟ್ಪದಿಯನ್ನು ಕೇಳಿ ನೋಡಬೇಕು. ಭಾಮಿನಿ ಷಟ್ಪದಿಯ ಒಂದು, ಎರಡು, ನಾಲ್ಕು, ಐದನೆಯ ಸಾಲುಗಳಲ್ಲಿ ಮೂರು-ನಾಲ್ಕು-ಮೂರು-ನಾಲ್ಕು ಎಂದು ಹದಿನಾಲ್ಕು ಮಾತ್ರೆಗಳು; ಮೂರು ಮತ್ತು ಆರನೆಯ ಸಾಲುಗಳಲ್ಲಿ ಕೊನೆಯ ಗುರುವೂ ಸೇರಿ ಇಪ್ಪತ್ತಮೂರು. ಈ ನಡೆಯನ್ನು ಇ-ಸ್ಪೀಕ್ ಅರಿಯದು. ಅದು ಪದಗಳ ನಡುವೆ ನಿಲ್ಲುತ್ತದೆಯೇ ಹೊರತು ಗಣಗಳ ನಡುವೆ ಅಲ್ಲ. ಬ್ರೈಲ್‌ನಲ್ಲಾದರೋ ಪ್ರಸ್ತಾರ ಹಾಕುವುದು ಅಚ್ಚಿಗಿಂತಲೂ ಸಲೀಸು ಎಂದು ನನಗೆ ಅನ್ನಿಸಿದೆ. ಭಾರತೀಯ ಭಾಷೆಗಳಿಗೆ ಬಳಸುವ ಭಾರತಿ ಬ್ರೈಲ್ ಪದ್ಧತಿಯಲ್ಲಿ ಒತ್ತಕ್ಷರವನ್ನು ಕೆಳಗೆ ಬರೆಯುವುದಿಲ್ಲ. ಸ್ವರವಿಲ್ಲದ ವ್ಯಂಜನದ ಮುಂಚೆ ನಾಲ್ಕನೆಯ ಚುಕ್ಕಿಯೊಂದನ್ನೇ ಹೊತ್ತ ಕೋಶವನ್ನು (ಕೋಶವೆಂದರೆ ಆರು ಚುಕ್ಕಿಗಳ ಮನೆ) ಇಡುತ್ತಾರೆ. ‘ಪುಸ್ತಕ’ ಎಂಬುದು ಪ, ಉ, ನಾಲ್ಕನೆಯ ಚುಕ್ಕಿ, ಸ, ತ, ಕ ಎಂಬ ಆರು ಕೋಶಗಳು. ಅಚ್ಚಿನಲ್ಲಿ ಓದುವವರು ಮುಂದಿನ ಅಕ್ಷರದ ಒತ್ತನ್ನು ಕಂಡು ಹಿಂದಿನದಕ್ಕೆ ಗುರುಚಿಹ್ನೆ ಹಾಕಬೇಕು. ನನ್ನ ಬೆರಳಿಗೆ ‘ಪು’ ಮುಗಿದೊಡನೆಯೇ ಆ ಒಂಟಿ ಚುಕ್ಕಿ ತಗುಲಿ, ಈಗ ದಾಟಿದ ಅಕ್ಷರ ಗುರು ಎಂದು ತಿಳಿಸುತ್ತದೆ. ‘ಕೇಳ್’ ಎಂಬಂತಹ ವ್ಯಂಜನಾಂತ ಪದಗಳಲ್ಲಿಯೂ ಈ ಲೆಕ್ಕ ತಪ್ಪುವುದಿಲ್ಲ. ಕ್ಷ ಮತ್ತು ಜ್ಞ ಎರಡಕ್ಕೆ ಮಾತ್ರ ತಮ್ಮದೇ ಕೋಶಗಳಿರುವುದರಿಂದ ಅಲ್ಲಿ ಚುಕ್ಕಿ ಎಚ್ಚರಿಸದು. ‘ಪಕ್ಷ’, ‘ಯಜ್ಞ’ ಎಂಬಲ್ಲಿ ಓದುವವರೇ ನೆನಪಿಟ್ಟುಕೊಳ್ಳಬೇಕು. ಛಂದಸ್ಸನ್ನು ಕಲಿಯುವ ಅಂಧ ವಿದ್ಯಾರ್ಥಿಗಳಿಗೆ ನಾನು ಮೊದಲ ದಿನವೇ ಹೇಳಿಕೊಡುವುದು ಇದನ್ನು.

ಯೂನಿಕೋಡ್ ಪಠ್ಯವನ್ನು ಬ್ರೈಲ್‌ಗೆ ಬದಲಿಸಲು ಲಿಬ್‌ಲೂಯಿ ಎಂಬ ಮುಕ್ತ ತಂತ್ರಾಂಶದಲ್ಲಿ ಕನ್ನಡದ ಕೋಷ್ಟಕವಿದೆ. ಎನ್‌ವಿಡಿಎ ಕೂಡ ಅದನ್ನೇ ಬಳಸುತ್ತದೆ. ಹೀಗೆ ಸಿದ್ಧವಾದ ಕಡತವನ್ನು ಮೆಮೊರಿ ಕಾರ್ಡಿಗೆ ಹಾಕಿ, ಇಪ್ಪತ್ತು ಕೋಶಗಳ ಸಾಲಿನಲ್ಲಿ ಚುಕ್ಕಿಗಳು ಮೇಲೇಳುವ ಸಾಧನವಾದ ಆರ್ಬಿಟ್ ರೀಡರ್‌ನಲ್ಲಿ ಓದುತ್ತೇನೆ. ಇಪ್ಪತ್ತು ಕೋಶಗಳಲ್ಲಿ ಷಟ್ಪದಿಯ ಉದ್ದದ ಸಾಲು ಒಂದೇ ಸಲಕ್ಕೆ ಹಿಡಿಸುವುದಿಲ್ಲ. ಎರಡಾಗಿ ಮುರಿಯಬೇಕಾದಾಗ ಗಣದ ಅಂಚಿನಲ್ಲಿಯೇ ಮುರಿಯುವಂತೆ ಮೊದಲೇ ಸಾಲುಗಳನ್ನು ಹೊಂದಿಸಿಕೊಳ್ಳುತ್ತೇನೆ.

ಇದೆಲ್ಲ ಕಾನೂನಿಗೆ ಒಪ್ಪುತ್ತದೆಯೇ ಎಂದು ಪ್ರಕಾಶಕರು ಕೇಳುವುದುಂಟು. ಒಪ್ಪುತ್ತದೆ. 2012ರಲ್ಲಿ ಕೃತಿಸ್ವಾಮ್ಯ ಕಾಯಿದೆಗೆ ತಂದ ತಿದ್ದುಪಡಿಯು, ಅಂಗವಿಕಲರು ಓದಬಲ್ಲ ರೂಪಕ್ಕೆ ಕೃತಿಯನ್ನು ಬದಲಿಸಿ ಅವರೊಡನೆ ಹಂಚಿಕೊಳ್ಳುವುದಕ್ಕೆ 52ನೆಯ ಪ್ರಕರಣದಲ್ಲಿ ವಿನಾಯಿತಿ ಕೊಟ್ಟಿದೆ. ದೃಷ್ಟಿಯಿಲ್ಲದವರಿಗೆ ಪುಸ್ತಕಗಳು ಓದಬಲ್ಲ ರೂಪದಲ್ಲಿ ಸಿಗಲೆಂದು ಆದ 2013ರ ಅಂತರರಾಷ್ಟ್ರೀಯ ಮರಾಕೆಶ್ ಒಪ್ಪಂದವನ್ನು ಮೊದಲು ಅನುಮೋದಿಸಿದ ದೇಶವೂ ಭಾರತವೇ, ಅದು 2014ರಲ್ಲಿ. 2016ರಲ್ಲಿ ಆರಂಭವಾದ ‘ಸುಗಮ್ಯ ಪುಸ್ತಕಾಲಯ’ ಎಂಬ ಆನ್‌ಲೈನ್ ಗ್ರಂಥಾಲಯದ ಮೂಲಕ ಇಂತಹ ಪುಸ್ತಕಗಳನ್ನು ದೇಶದ ಎಲ್ಲಿಂದಲಾದರೂ ನೋಂದಾಯಿತ ಓದುಗರು ಪಡೆಯಬಹುದು. ಒಬ್ಬರು ತಿದ್ದಿ ಮುಗಿಸಿದ ಪುಸ್ತಕವನ್ನು ಇನ್ನೊಬ್ಬರು ಇನ್ನೊಂದು ಊರಿನಲ್ಲಿ ಮೊದಲಿನಿಂದ ಸ್ಕ್ಯಾನ್ ಮಾಡುವುದು ವ್ಯರ್ಥ ಶ್ರಮವಾದ್ದರಿಂದ, ಹೊಸದನ್ನು ಕೈಗೆತ್ತಿಕೊಳ್ಳುವ ಮುನ್ನ ಅಲ್ಲಿ ಹುಡುಕುವುದು ನನ್ನ ರೂಢಿ.

ವಿನಾಯಿತಿ ಇದ್ದರೂ ನಾನು ಪ್ರಕಾಶಕರಿಗೆ ಪತ್ರ ಬರೆಯುತ್ತೇನೆ. ಅನುಮತಿಗಾಗಿ ಅಲ್ಲ, ಕಡತಕ್ಕಾಗಿ. ‘ಸಾಫ್ಟ್ ಕಾಪಿ ಕಳಿಸಿ’ ಎಂದಷ್ಟೇ ಬರೆದರೆ ಬರುವುದು ಪಿಡಿಎಫ್. ಆದ್ದರಿಂದ ಪತ್ರದಲ್ಲಿ ಬಿಡಿಸಿ ಬರೆಯುತ್ತೇನೆ: ಪುಟವಿನ್ಯಾಸಕ್ಕೆ ಹೋಗುವ ಮುಂಚಿನ, ಕೊನೆಯ ಕರಡು ತಿದ್ದುಪಡಿಗಳು ಸೇರಿರುವ ವರ್ಡ್ ಕಡತ ಬೇಕು, ಅದು ನುಡಿಯಲ್ಲಿದ್ದರೂ ಅಡ್ಡಿಯಿಲ್ಲ, ಆದರೆ ಬಳಸಿದ ಫಾಂಟಿನ ಹೆಸರನ್ನು ತಿಳಿಸಬೇಕು, ಕೊನೆಯ ತಿದ್ದುಪಡಿಗಳನ್ನು ಪುಟವಿನ್ಯಾಸದಲ್ಲಿಯೇ ಮಾಡಿದ್ದರೆ ಆ ಪುಟಗಳ ಅಚ್ಚಿನ ಪ್ರತಿಯನ್ನೂ ಜೊತೆಗೆ ಕಳಿಸಬೇಕು. ಹೀಗೆ ಬರೆಯತೊಡಗಿದ ಮೇಲೆ ಕೆಲವು ಪ್ರಕಾಶಕರು ಹೊಸ ಪುಸ್ತಕ ಅಚ್ಚಿಗೆ ಹೋಗುವ ವಾರವೇ, ನಾನು ಕೇಳುವ ಮುನ್ನವೇ, ವರ್ಡ್ ಕಡತವನ್ನು ಕಳಿಸುತ್ತಿದ್ದಾರೆ.