ಓಪನ್ ಆಕ್ಸೆಸ್ ಒಪ್ಪಂದ: ಪ್ರಕಾಶಕರ ಎದುರು ಗ್ರಂಥಾಲಯ ಚೌಕಾಸಿಗೆ ಕೂರುವ ಬಗೆ

ಪ್ರಾಧ್ಯಾಪಕರು ಬರೆದ ಪ್ರಬಂಧವನ್ನು ಓದಲು ಅವರದೇ ವಿಶ್ವವಿದ್ಯಾಲಯದ ಗ್ರಂಥಾಲಯ ಚಂದಾ ಕಟ್ಟಬೇಕು; ಅದು ಎಲ್ಲರಿಗೂ ಉಚಿತವಾಗಿ, ಅಂದರೆ ಓಪನ್ ಆಕ್ಸೆಸ್ ಆಗಿ, ದೊರೆಯಬೇಕೆಂದರೆ ಪ್ರಾಧ್ಯಾಪಕರು ಬೇರೆಯಾಗಿ ಪ್ರಕಟಣಾ ಶುಲ್ಕ ತೆರಬೇಕು. ಈ ಎರಡೂ ಖರ್ಚುಗಳನ್ನು ಒಂದೇ ಕರಾರಿನಡಿ ತರುವ ಮಾತುಕತೆ ಹೇಗೆ ಸಾಗುತ್ತದೆ ಎಂಬುದಕ್ಕೆ, ಹತ್ತು ಕ್ಯಾಂಪಸ್‌ಗಳ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ ಎಲ್ಸೆವಿಯರ್ ಪ್ರಕಾಶನ ಸಂಸ್ಥೆಯೊಂದಿಗೆ ನಡೆಸಿದ ಚೌಕಾಸಿ ಒಳ್ಳೆಯ ಉದಾಹರಣೆ.

ಮೊದಲು ಮಾಡಬೇಕಾದದ್ದು ಲೆಕ್ಕ. ಆ ಪ್ರಕಾಶಕರ ನಿಯತಕಾಲಿಕಗಳಲ್ಲಿ ವರ್ಷಕ್ಕೆ ಎಷ್ಟು ಪ್ರಬಂಧಗಳು ಪ್ರಕಟವಾಗುತ್ತಿವೆ ಎಂದು ಎಣಿಸುವಾಗ, ಪತ್ರವ್ಯವಹಾರದ ಹೊಣೆ ಹೊತ್ತ ಲೇಖಕರು ತಮ್ಮ ಸಂಸ್ಥೆಯವರಾಗಿರುವ ಪ್ರಬಂಧಗಳನ್ನಷ್ಟೇ ತೆಗೆದುಕೊಳ್ಳಬೇಕು. ಸಹಲೇಖಕರನ್ನೂ ಸೇರಿಸಿಕೊಂಡರೆ ಸಂಖ್ಯೆ ಉಬ್ಬಿ, ಬೇರೊಂದು ಸಂಸ್ಥೆ ತೆರಬೇಕಾದ ಹಣ ನಮ್ಮ ತಲೆಗೆ ಬರುತ್ತದೆ. ಪ್ರಕಟಣಾ ಶುಲ್ಕದ ಲೆಕ್ಕ ಇನ್ನೂ ಕಷ್ಟದ್ದು, ಏಕೆಂದರೆ ಅದು ಸಂಶೋಧನಾ ಅನುದಾನದಿಂದಲೋ ವಿಭಾಗದ ಖಾತೆಯಿಂದಲೋ ಹೋಗುವುದರಿಂದ ಗ್ರಂಥಾಲಯದ ಕಣ್ಣಿಗೆ ಬೀಳುವುದೇ ಇಲ್ಲ.

ಎರಡನೆಯದು ಅಧ್ಯಾಪಕರ ಬೆಂಬಲ. ಕ್ಯಾಲಿಫೋರ್ನಿಯಾದ ಮಾತುಕತೆಯ ತಂಡದಲ್ಲಿ ಗ್ರಂಥಪಾಲಕರ ಜೊತೆಗೆ ಅಧ್ಯಾಪಕರೂ ಇದ್ದರು.

ಮೂರನೆಯ ಹೆಜ್ಜೆಯಲ್ಲಿಯೇ ನಿಜವಾದ ಬಲವಿದೆ ಎಂಬುದು ನನ್ನ ಅಭಿಪ್ರಾಯ: ಒಪ್ಪಂದ ಮುರಿದುಬಿದ್ದರೂ ಓದು ನಿಲ್ಲದಂತೆ ಮೊದಲೇ ವ್ಯವಸ್ಥೆ ಮಾಡಿಕೊಳ್ಳುವುದು. 2019ರ ಫೆಬ್ರವರಿಯಲ್ಲಿ ವಿಶ್ವವಿದ್ಯಾಲಯ ಮಾತುಕತೆಯಿಂದ ಎದ್ದು ಬಂದಿತು. ಜುಲೈನಲ್ಲಿ ಹೊಸ ಪ್ರಬಂಧಗಳ ಪ್ರವೇಶ ಕಡಿತವಾಯಿತು. ಅಂತರ ಗ್ರಂಥಾಲಯ ಎರವಲು, ಲೇಖಕರೇ ಮುಕ್ತವಾಗಿಟ್ಟ ಪ್ರತಿಗಳು ಮತ್ತು ಪ್ರಿಪ್ರಿಂಟ್‌ಗಳನ್ನು (ಪತ್ರಿಕೆಯಲ್ಲಿ ಅಚ್ಚಾಗುವ ಮೊದಲಿನ ಕರಡುಗಳನ್ನು) ನೆಚ್ಚಿಕೊಂಡು ಅದು ಸುಮಾರು ಎರಡು ವರ್ಷ ಪಟ್ಟು ಸಡಿಲಿಸಲಿಲ್ಲ.

ನಾಲ್ಕನೆಯದು ಷರತ್ತುಗಳು. 2021ರ ಮಾರ್ಚ್‌ನಲ್ಲಿ ಆದ ನಾಲ್ಕು ವರ್ಷಗಳ ಒಪ್ಪಂದದ ಪ್ರಕಾರ, ಪ್ರತಿ ಪ್ರಬಂಧದ ಶುಲ್ಕದಲ್ಲಿ ಮೊದಲ 1,000 ಡಾಲರನ್ನು ಗ್ರಂಥಾಲಯ ಭರಿಸುತ್ತಿತ್ತು. ಉಳಿದದ್ದನ್ನು ಅನುದಾನವಿರುವ ಲೇಖಕರು ಕೊಡುತ್ತಿದ್ದರು, ಅನುದಾನವಿಲ್ಲದವರ ಪರವಾಗಿ ಪೂರ್ತಿ ಹಣವನ್ನು ಗ್ರಂಥಾಲಯವೇ ಕಟ್ಟುತ್ತಿತ್ತು. ಸೆಲ್ ಮತ್ತು ಲ್ಯಾನ್ಸೆಟ್ ಪತ್ರಿಕೆಗಳೂ ಇದರೊಳಗೆ ಬಂದವು. ಪ್ರತಿಷ್ಠಿತ ಪತ್ರಿಕೆಗಳು ಪಟ್ಟಿಯಿಂದ ಜಾರಿಕೊಳ್ಳದಂತೆ ನೋಡಿಕೊಳ್ಳುವುದು ಬೆಲೆ ಇಳಿಸುವಷ್ಟೇ ಮುಖ್ಯ.

ಭಾರತದಲ್ಲಿ ಸರ್ಕಾರಿ ಶಿಕ್ಷಣ ಮತ್ತು ಸಂಶೋಧನಾ ಸಂಸ್ಥೆಗಳ ಪರವಾಗಿ ಕೇಂದ್ರ ಸರ್ಕಾರವೇ ಒಟ್ಟಾಗಿ ಚಂದಾ ಕಟ್ಟುವ, 2024ರ ನವೆಂಬರ್‌ನಲ್ಲಿ ಒಪ್ಪಿಗೆ ಪಡೆದ ‘ಒಂದು ರಾಷ್ಟ್ರ ಒಂದು ಚಂದಾ’ ಯೋಜನೆಯಡಿ, 30 ಪ್ರಕಾಶಕರ ಪತ್ರಿಕೆಗಳಿಗೆ ಮೂರು ವರ್ಷಗಳ ಅವಧಿಗೆ 6,000 ಕೋಟಿ ರೂಪಾಯಿ ಮೀಸಲಾಗಿದ್ದು, ವಿಶ್ವವಿದ್ಯಾಲಯ ಗ್ರಂಥಾಲಯಗಳನ್ನು ಜೋಡಿಸುವ ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರ ಅದನ್ನು ನಿರ್ವಹಿಸುತ್ತದೆ. ಹೀಗಾಗಿ ಆ ಪತ್ರಿಕೆಗಳ ಮಟ್ಟಿಗೆ ಮೈಸೂರಿನ ಅಥವಾ ಧಾರವಾಡದ ಗ್ರಂಥಪಾಲಕರು ಸ್ವತಃ ಚೌಕಾಸಿಗೆ ಕೂರಬೇಕಾಗಿಲ್ಲವಾದರೂ, ತಮ್ಮ ಅಧ್ಯಾಪಕರು ಕಟ್ಟಿದ ಪ್ರಕಟಣಾ ಶುಲ್ಕದ ಲೆಕ್ಕವನ್ನು ಈಗಿನಿಂದಲೇ ಬರೆದಿಟ್ಟರೆ, 2027ರ ನಂತರದ ಮಾತುಕತೆಗೆ ಅದು ಒದಗುತ್ತದೆ.